ಗಂಡ ಹೆಂಡಿರ ಜಗಳಕ್ಕೆ ಕೌನ್ಸೆಲಿಂಗ್ ಬೇಕೆ? ಫಾರ್ವರ್ಡ್ ಹೇಳದ ಸಂಗತಿಗಳು

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನಮ್ಮ ಅಜ್ಜ ಅಜ್ಜಿ ಯಾವ ಕೌನ್ಸೆಲರ್ ಹತ್ತಿರ ಹೋಗಿದ್ದರು? ಇದೆಲ್ಲ ಪೇಟೆಯವರ ಶೋಕಿ. ಒಪ್ಪಿಗೆಯಾದರೆ ಹತ್ತು ಜನಕ್ಕೆ ಕಳಿಸಿ."

ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಸಕಲೇಶಪುರ, ಆಲೂರು ಕಡೆಯ ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗ್ರೂಪಿಗೂ ಒಂದು ಮಳೆಗಾಲದ ಸಂಜೆ ಬಂತು. ನಗುವ ಇಮೋಜಿಗಳು ಸಾಲಾಗಿ ಬಿದ್ದವು. ರಾತ್ರಿ ಹನ್ನೊಂದರ ಹೊತ್ತಿಗೆ ಅದೇ ಗ್ರೂಪಿನಲ್ಲಿರುವ ಅಕ್ಕ ಒಬ್ಬರು ನನಗೆ ಬೇರೆಯಾಗಿ ಬರೆದರು: "ಉಂಡು ಮಲಗಿ ಎದ್ದ ಮೇಲೂ ಮುಗಿಯದ ಜಗಳಕ್ಕೆ ಏನು ಮಾಡೋದು?" ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು ಬಂತು: "ಅಲ್ಲಿಗೂ ಹೋಗಿ ಬೈಸಿಕೊಂಡು ಬರೋದಾ?"

ಈ ಲೇಖನ ಆ ಎರಡು ಪ್ರಶ್ನೆಗಳಿಗೆ ಉತ್ತರ.

ಚುಟುಕಾಗಿ ಹೇಳುವುದಾದರೆ

• ಆಪ್ತ ಸಮಾಲೋಚನೆ ಎಂದರೆ ಬುದ್ಧಿವಾದವೂ ಅಲ್ಲ, ಪಂಚಾಯ್ತಿಯೂ ಅಲ್ಲ. ತಪ್ಪು ಯಾರದು ಎಂಬ ತೀರ್ಪು ಕೊಡದೆ ಕೇಳಿಸಿಕೊಳ್ಳುವುದೇ ಅದರ ಮೊದಲ ಕೆಲಸ.
• ಅಲ್ಲಿ ತೋರುವ ಅಂತಃಕರಣ ಬರೀ ಒಳ್ಳೆಯತನವಲ್ಲ. ಕಲಿತು, ಅಭ್ಯಾಸ ಮಾಡಿ, ಸಂಶೋಧನೆಯಲ್ಲಿ ಪರೀಕ್ಷಿಸಿದ ವಿಧಾನ.
• ಎಲ್ಲ ಮದುವೆಯನ್ನೂ ಅದು ಉಳಿಸುವುದಿಲ್ಲ. ಹೊಡೆತ ಬಡಿತ ಇರುವ ಮನೆಯಲ್ಲಿ ಮೊದಲು ಬೇಕಿರುವುದು ಸುರಕ್ಷತೆ, ರಾಜಿಯಲ್ಲ.
• ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಕನಿಕರ ಬೇರೆ, ಅಂತಃಕರಣ ಬೇರೆ

ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ "ಆಪ್ತ ಸಮಾಲೋಚನೆ" ಎಂಬ ಮಾತು ನೆಲೆಯೂರಿದೆ. ಇದರಲ್ಲಿ "ಆಪ್ತ" ಎಂಬ ಪದಕ್ಕೇ ಹೆಚ್ಚು ತೂಕ.

ಕಷ್ಟ ಹೇಳಿಕೊಂಡವರಿಗೆ ನಾವು ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಕೊಡುತ್ತೇವೆ. ಒಂದು ಮರುಕ: "ಅಯ್ಯೋ ಪಾಪ, ನಿನ್ನ ಹಣೆಬರಹ." ಇನ್ನೊಂದು ಉಪದೇಶ: "ಹೊಂದಿಕೊಂಡು ಹೋಗು, ಎಲ್ಲರ ಮನೆ ದೋಸೆಯೂ ತೂತೇ." ಮೂರನೆಯದು ತೀರ್ಪು: "ತಪ್ಪು ನಿನ್ನದೂ ಇದೆ." ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಮೂರರಲ್ಲಿ ಯಾವುದನ್ನು ಕೇಳಿದರೂ ಹೇಳುವವರ ಬಾಯಿ ಅಲ್ಲಿಗೇ ಕಟ್ಟಿಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಒಂದು ಲೇಖನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಮನುಷ್ಯ ಬದಲಾಗಲು ಎದುರಿಗೆ ಕುಳಿತವರಲ್ಲಿ ಮುಖ್ಯವಾಗಿ ಮೂರು ಗುಣ ಇರಬೇಕು ಎಂದು ಅವರು ವಾದಿಸಿದರು. ಮೊದಲನೆಯದು, ಮಾತಾಡುವವರ ಕಣ್ಣಿನಿಂದಲೇ ಅವರ ಲೋಕವನ್ನು ನೋಡುವ ಪ್ರಯತ್ನ. ಎರಡನೆಯದು, ಷರತ್ತಿಲ್ಲದ ಗೌರವ. "ನೀನು ಹೀಗಿದ್ದರೆ ಮಾತ್ರ ಒಳ್ಳೆಯವನು" ಎಂಬ ಭಾವ ಇಲ್ಲದಿರುವುದು. ಮೂರನೆಯದು, ನಾಟಕವಿಲ್ಲದ ಪ್ರಾಮಾಣಿಕತೆ. ರೋಜರ್ಸ್ ಹೇಳಿದಂತೆ ಇಷ್ಟೇ ಸಾಕೇ ಎಂಬ ಬಗ್ಗೆ ನಂತರದವರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಯಾವ ಪದ್ಧತಿಯ ಚಿಕಿತ್ಸೆಯಾದರೂ ಸಮಾಲೋಚಕರು ಮತ್ತು ಬಂದವರ ನಡುವಿನ ನಂಟು ಗಟ್ಟಿಯಿದ್ದಷ್ಟೂ ಫಲಿತಾಂಶ ಚೆನ್ನಾಗಿರುತ್ತದೆ ಎಂಬುದನ್ನು ದಶಕಗಳ ಸಂಶೋಧನೆ ತೋರಿಸಿದೆ.

ಇದರ ಹಿಂದಿನ ಕಾರಣ ಸರಳ. ಬೈಗುಳದ ಭಯವಿದ್ದಾಗ ಮನಸ್ಸು ತನ್ನನ್ನು ಸಮರ್ಥಿಸಿಕೊಳ್ಳುವುದರಲ್ಲೇ ದಣಿಯುತ್ತದೆ. ಆ ಭಯ ಹೋದಾಗ ಮಾತ್ರ "ಹೌದು, ಇದರಲ್ಲಿ ನನ್ನದೂ ಒಂದು ಪಾಲಿದೆ" ಎಂದು ತಾನಾಗಿ ಹೇಳಲು ಸಾಧ್ಯ. ಬೇರೆಯವರು ಹೊರಿಸಿದ ತಪ್ಪು ಹಟ ಹುಟ್ಟಿಸುತ್ತದೆ. ತಾನೇ ಕಂಡುಕೊಂಡ ತಪ್ಪು ದಾರಿ ತೋರಿಸುತ್ತದೆ.

ಮಲೆನಾಡಿನ ಮನೆಗಳಲ್ಲಿ ಭಾರ ಎಲ್ಲಿಂದ ಬರುತ್ತದೆ?

"ಪೇಟೆಯವರ ಶೋಕಿ" ಎಂಬ ಮಾತನ್ನು ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ನಿಂತು ಪರೀಕ್ಷಿಸೋಣ.

ಇಲ್ಲಿ ಮನೆಗಳು ದೂರ ದೂರ. ತೋಟದ ಮನೆಯಿಂದ ಪಕ್ಕದ ಮನೆಯ ದೀಪ ಕಾಣದಿರುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟ್ ಇಲ್ಲದ ರಾತ್ರಿಗಳು, ಕೆಲವು ವರ್ಷ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಹೂಮಳೆ ಹೊತ್ತಿಗೆ ಸರಿಯಾಗಿ ಬಿತ್ತೇ, ಕುಯ್ಲಿಗೆ ಆಳು ಸಿಕ್ಕರೇ, ಒಣಗಲು ಹಾಕಿದ ಕಾಫಿ ಕಣದಲ್ಲೇ ನೆನೆಯಿತೇ ಎಂಬ ಲೆಕ್ಕದಲ್ಲೇ ಬೆಳೆಗಾರನ ವರ್ಷ ಕಳೆಯುತ್ತದೆ. ಲೈನ್ ಮನೆಯಲ್ಲಿರುವ ಕಾರ್ಮಿಕ ದಂಪತಿಗೆ ಇದರ ಜೊತೆಗೆ ಒಂದೇ ಕೋಣೆಯಲ್ಲಿ ಇಡೀ ಸಂಸಾರ.

ಇವೆಲ್ಲದರ ಮೇಲೆ ಆನೆ. ಈ ಭಾಗದಲ್ಲಿ ಆನೆ ಮತ್ತು ಮನುಷ್ಯರ ಸಂಘರ್ಷ ಎಷ್ಟು ಬೆಳೆದಿತ್ತೆಂದರೆ 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಅಷ್ಟಾದರೂ ಸಮಸ್ಯೆ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ಭಾಗದ ಕಾರ್ಯಾಚರಣೆಯಲ್ಲಿ ಮೈಸೂರು ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೇ ಕಾಡಾನೆಯೊಂದಿಗೆ ಸೆಣಸಿ ಸತ್ತದ್ದು ನಾಡಿಗೆಲ್ಲ ಗೊತ್ತು. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ಬರುವವರೆಗೆ ಮನೆಯಲ್ಲಿದ್ದವರ ಜೀವ ಕೈಯಲ್ಲಿ.

ಇಂಥ ಭಯಕ್ಕೆ ಪರಿಹಾರದ ಅರ್ಜಿಯಲ್ಲಿ ಕಾಲಂ ಇಲ್ಲ. ಸುಶ್ರುತ್ ಜಾಧವ್ ಮತ್ತು ಮಾನ್ ಬರುವಾ ಎಂಬ ಸಂಶೋಧಕರು ಅಸ್ಸಾಮಿನಲ್ಲಿ ಆನೆ ಹಾವಳಿಗೆ ಸಿಕ್ಕ ಕುಟುಂಬಗಳ ಬಗ್ಗೆ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಬೆಳೆ ನಷ್ಟ, ಪ್ರಾಣ ನಷ್ಟ ಲೆಕ್ಕಕ್ಕೆ ಸಿಗುತ್ತವೆ. ಅದರ ಹಿಂದೆ ಬರುವ ಬಡತನ, ಕುಡಿತ, ಮಾನಸಿಕ ಕಾಯಿಲೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಊರು ಬೇರೆಯಾದರೂ ಚಿತ್ರ ನಮಗೆ ಅಪರಿಚಿತವಲ್ಲ.

ಹಾಗಾದರೆ ಸಹಾಯ ಬೇಕಿರುವುದು ಪೇಟೆಗೆ ಮಾತ್ರ ಎನ್ನುವುದು ಹೇಗೆ? ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇಬ್ಬರೂ ಒಟ್ಟಿಗೆ ಬಂದಾಗ ಕೋಣೆಯೊಳಗೆ ಏನಾಗುತ್ತದೆ?

ಒಂದು ದಂಪತಿಯನ್ನು ಊಹಿಸಿಕೊಳ್ಳಿ. ಇದು ಕಟ್ಟಿದ ಉದಾಹರಣೆ, ಯಾರ ಕತೆಯೂ ಅಲ್ಲ.

ಗಂಡ ರಾತ್ರಿ ಎಂಟಕ್ಕೆ ಮನೆಗೆ ಬರುತ್ತಾನೆ. "ಇವತ್ತೂ ಹೊತ್ತಾಯ್ತಾ?" ಎನ್ನುತ್ತಾಳೆ ಹೆಂಡತಿ. ಅವನಿಗೆ ಅದು ಆಪಾದನೆಯಂತೆ ಕೇಳುತ್ತದೆ. ಮಾತಾಡದೆ ಫೋನ್ ಹಿಡಿಯುತ್ತಾನೆ. ಅವಳಿಗೆ ಅದು ತಾತ್ಸಾರವಾಗಿ ಕಾಣುತ್ತದೆ, ದನಿ ಏರುತ್ತದೆ. ಅವನು ಎದ್ದು ಬೈಕ್ ಹತ್ತಿ ಪೇಟೆಗೆ ಹೋಗುತ್ತಾನೆ. ಮರುದಿನ ಎರಡೂ ಕಡೆಯ ಹಿರಿಯರು ಬಂದು ತಲೆಗೊಂದು ತಪ್ಪು ಹಂಚಿ, ಇಬ್ಬರಿಗೂ ಬುದ್ಧಿ ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ವಾರದಲ್ಲಿ ಅದೇ ಜಗಳ ಮತ್ತೆ.

ಸಮಾಲೋಚಕರ ಎದುರು ಇದೇ ಜಗಳ ನಿಧಾನವಾಗುತ್ತದೆ. ಯಾರು ಸರಿ ಎಂದು ಅವರು ಕೇಳುವುದಿಲ್ಲ. ಹೆಂಡತಿಯತ್ತ ತಿರುಗಿ, "ಅವರು ಎದ್ದು ಹೊರಗೆ ಹೋದ ಕ್ಷಣ ನಿಮ್ಮೊಳಗೆ ಏನಾಗುತ್ತೆ?" ಎಂದು ಕೇಳುತ್ತಾರೆ. ಬಹಳ ಹೊತ್ತಿನ ಮೇಲೆ ಉತ್ತರ ಬರುತ್ತದೆ: "ಆನೆ ಓಡಾಡೋ ದಾರಿ. ಕತ್ತಲು. ವಾಪಸ್ ಬರ್ತಾರೋ ಇಲ್ವೋ ಅಂತ ಜೀವ ಹೊಡ್ಕೊಳ್ಳುತ್ತೆ." ಅವಳ ಸಿಟ್ಟಿನ ಕೆಳಗೆ ಭಯ ಇದ್ದದ್ದನ್ನು ಗಂಡ ಕೇಳುವುದು ಅದೇ ಮೊದಲು. ಅವನ ಸರದಿ ಬಂದಾಗ, "ಬ್ಯಾಂಕಿನ ನೋಟಿಸ್ ಬಂದಿದೆ. ಹೇಳೋಕೆ ಬಾಯಿ ಬರ್ಲಿಲ್ಲ" ಎನ್ನುತ್ತಾನೆ. ಅವನ ಮೌನದ ಕೆಳಗೆ ಇದ್ದದ್ದು ತಾತ್ಸಾರವಲ್ಲ, ಅವಮಾನ.

ಸಾಲ ತೀರಲಿಲ್ಲ, ಆನೆಯೂ ಹೋಗಲಿಲ್ಲ. ಆದರೆ ಇಬ್ಬರಿಗೂ ಈಗ ಶತ್ರು ಎದುರಿಗಿರುವ ಮನುಷ್ಯನಲ್ಲ. ಒಬ್ಬರು ಬೆನ್ನಟ್ಟಿದಷ್ಟೂ ಇನ್ನೊಬ್ಬರು ದೂರ ಸರಿಯುವ ಆ ಸುತ್ತೇ ಅವರ ಶತ್ರು. 1980ರ ದಶಕದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವನಾ ಕೇಂದ್ರಿತ ಚಿಕಿತ್ಸೆ ನಿಂತಿರುವುದು ಇದೇ ತಿಳಿವಿನ ಮೇಲೆ.

ಅಮೆರಿಕದ ಜಾನ್ ಗಾಟ್‌ಮನ್ ದಂಪತಿಗಳ ಮಾತುಕತೆಯನ್ನು ವಿಡಿಯೊ ಮಾಡಿ, ಹೃದಯ ಬಡಿತವನ್ನೂ ಅಳೆದು ದಶಕಗಳ ಕಾಲ ಅಧ್ಯಯನ ಮಾಡಿದವರು. ಸಂಬಂಧವನ್ನು ಕೊರೆಯುವ ನಾಲ್ಕು ನಡವಳಿಕೆಗಳನ್ನು ಅವರು ಗುರುತಿಸಿದರು:

1. ಮಾಡಿದ ಕೆಲಸವನ್ನು ಬಿಟ್ಟು ಮನುಷ್ಯನನ್ನೇ ಹಳಿಯುವುದು. "ಹಾಲು ತರಲು ಮರೆತಿರಿ" ಎಂಬುದು ದೂರು. "ನೀವು ಯಾವತ್ತೂ ಹೀಗೇ" ಎಂಬುದು ಹಳಿಯುವುದು.
2. ತುಚ್ಛವಾಗಿ ಕಾಣುವುದು, ಅಣಕಿಸುವುದು. ನಾಲ್ಕರಲ್ಲಿ ಹೆಚ್ಚು ವಿಷ ಇದರಲ್ಲೇ.
3. ಕೇಳಿಸಿಕೊಳ್ಳುವ ಮೊದಲೇ ಸಮರ್ಥನೆಗೆ ಇಳಿಯುವುದು.
4. ಕಲ್ಲಿನಂತೆ ಸುಮ್ಮನಾಗಿಬಿಡುವುದು.

ಎದೆ ಬಡಿತ ನಿಮಿಷಕ್ಕೆ ನೂರನ್ನು ದಾಟಿದಾಗ ಎದುರಿಗಿರುವವರ ಮಾತು ತಲೆಗೆ ಹೋಗುವುದಿಲ್ಲ, ಆಗ ಕನಿಷ್ಠ 20 ನಿಮಿಷ ಮಾತು ನಿಲ್ಲಿಸಿ ಎಂಬುದು ಅವರ ಸಲಹೆ. "ಅರ್ಧ ಗಂಟೆ ಬಿಟ್ಟು ಬರ್ತೀನಿ, ಆಮೇಲೆ ಮಾತಾಡೋಣ" ಎಂದು ಹೇಳಿ ಏಳುವುದಕ್ಕೂ, ಏನೂ ಹೇಳದೆ ಬೈಕ್ ಹತ್ತುವುದಕ್ಕೂ ಅಜಗಜಾಂತರ.

ಫಲಿತಾಂಶದ ಬಗ್ಗೆ ಪ್ರಾಮಾಣಿಕ ಲೆಕ್ಕ ಇಲ್ಲಿದೆ. ದೀರ್ಘಕಾಲದಿಂದ ಗಂಭೀರ ಬಿಕ್ಕಟ್ಟಿನಲ್ಲಿದ್ದ 134 ದಂಪತಿಗಳಿಗೆ ಎರಡು ಬಗೆಯ ಚಿಕಿತ್ಸೆ ನೀಡಿ ಐದು ವರ್ಷ ಹಿಂಬಾಲಿಸಿದ ಅಧ್ಯಯನವೊಂದನ್ನು ಆ್ಯಂಡ್ರ್ಯೂ ಕ್ರಿಸ್ಟೆನ್‌ಸನ್ ತಂಡ 2010ರಲ್ಲಿ ಪ್ರಕಟಿಸಿತು. ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳು ಸ್ಪಷ್ಟವಾಗಿ ಸುಧಾರಿಸಿದ್ದರು. ಸುಮಾರು ಕಾಲು ಭಾಗ ಬೇರೆಯಾಗಿದ್ದರು. ಎಂದರೆ ಇದು ಮಂತ್ರದಂಡವಲ್ಲ. ಶೋಕಿಯೂ ಅಲ್ಲ.

ಒಬ್ಬರೇ ಹೋದರೂ ಪ್ರಯೋಜನವಿದೆಯೇ?

ಇದೆ. ಗಂಡ ಅಥವಾ ಹೆಂಡತಿ ಬರಲು ಒಪ್ಪದಿದ್ದರೂ ಒಬ್ಬರೇ ಹೋಗಬಹುದು. ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ವಿನಾಕಾರಣ ಅಳು, ಕೆಲಸಕ್ಕೆ ಏಳಲಾಗದಷ್ಟು ಸುಸ್ತು ಎರಡು ವಾರ ದಾಟಿದರೆ ಅದು "ಮನೆ ಜಗಳದ ಬೇಜಾರು" ಮಾತ್ರ ಆಗಿರಲಿಕ್ಕಿಲ್ಲ, ಖಿನ್ನತೆ ಇರಬಹುದು.

ನಮಗೆ ಹತ್ತಿರದ ಒಳ್ಳೆಯ ಪುರಾವೆ ಗೋವಾದ್ದು. ಅಲ್ಲಿನ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನಶ್ಶಾಸ್ತ್ರದ ಪದವಿ ಇಲ್ಲದ, ತರಬೇತಿ ಪಡೆದ ಸ್ಥಳೀಯರೇ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಗಳಲ್ಲಿ ಸಮಾಲೋಚನೆ ನೀಡಿದರು. ವಿಕ್ರಮ್ ಪಟೇಲ್ ತಂಡದ ಈ ಅಧ್ಯಯನದಲ್ಲಿ ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಈ ಪ್ರಮಾಣ ಶೇ 39. ಭಾಷೆ ಬಲ್ಲ, ಊರು ಬಲ್ಲ, ಕೇಳುವುದನ್ನು ಕಲಿತ ಮನುಷ್ಯ ಎದುರಿಗಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಂತಃಕರಣಕ್ಕೂ ಒಂದು ಗೆರೆಯಿದೆ

ಒಳ್ಳೆಯ ಸಮಾಲೋಚಕರು ಎಲ್ಲರನ್ನೂ ಗೌರವಿಸುತ್ತಾರೆ. ಎಲ್ಲವನ್ನೂ ಒಪ್ಪುವುದಿಲ್ಲ. ಮನೆಯಲ್ಲಿ ಹೊಡೆತ, ಬೆದರಿಕೆ, ಬಲವಂತ ಇದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಅಪಾಯ. ಕೋಣೆಯಲ್ಲಿ ಹೇಳಿದ ನಿಜಕ್ಕೆ ಮನೆಯಲ್ಲಿ ಪೆಟ್ಟು ಬೀಳಬಹುದು. ಹಾಗಾಗಿ ಅನುಭವಿಗಳು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ, ಭಯವಿದೆಯೇ ಎಂದು ವಿಚಾರಿಸುತ್ತಾರೆ.

"ಹೊಡೆದರೂ ಗಂಡನಲ್ಲವೇ, ಹೊಂದಿಕೋ" ಎಂದು ಯಾರಾದರೂ ಹೇಳಿದರೆ ಅದು ಆಪ್ತ ಸಮಾಲೋಚನೆ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ದೈಹಿಕ ಹಿಂಸೆಯನ್ನು ಮಾತ್ರವಲ್ಲ, ಮಾತಿನ, ಭಾವನೆಯ, ಹಣಕಾಸಿನ ಹಿಂಸೆಯನ್ನೂ ದೌರ್ಜನ್ಯ ಎಂದೇ ಗುರುತಿಸುತ್ತದೆ. ಮಹಿಳಾ ಸಹಾಯವಾಣಿ 181. ತುರ್ತು ಅಪಾಯವಿದ್ದರೆ 112.

ಫಾರ್ವರ್ಡ್ ಹೇಳುವುದು, ನಿಜ ಇರುವುದು

"ಒಮ್ಮೆ ಹೋದರೆ ಹುಚ್ಚರ ಪಟ್ಟಿಗೆ ಸೇರಿದಂತೆ."
ಸುಳ್ಳು. ಸಮಾಲೋಚನೆಗೆ ಬರುವ ಹೆಚ್ಚಿನವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವುದಿಲ್ಲ. ಇನ್ನು ಕಾಯಿಲೆ ಇದ್ದವರಿಗೂ ಆ ಹಣೆಪಟ್ಟಿಯೇ ದೊಡ್ಡ ಗಾಯ. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ "ಶರಪಂಜರ" ಸಿನಿಮಾ 1971ರಲ್ಲೇ ಇದನ್ನು ತೋರಿಸಿತ್ತು. ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮತ್ತೆ ಕುಸಿಯುವಂತೆ ಮಾಡಿದ್ದು ಗಂಡನ ದೂರ ಮತ್ತು ಊರಿನ ನೋಟ.

"ಹೇಳಿದ್ದೆಲ್ಲ ಊರಿಗೇ ಗೊತ್ತಾಗುತ್ತೆ."
2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಪ್ರಾಣಾಪಾಯದಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಎಲ್ಲರೂ ಎಲ್ಲರಿಗೂ ಪರಿಚಿತರಾದ ನಮ್ಮಂಥ ಊರುಗಳಲ್ಲಿ ಈ ಭಯ ಸಹಜ. ಮೊದಲ ಹೆಜ್ಜೆಗೆ ಫೋನ್ ಸಹಾಯವಾಣಿ ಒಳ್ಳೆಯ ದಾರಿ.

"ಗಟ್ಟಿಯಾಗಿ ಬೈದರೆ ಕುಡಿತ ಬಿಡ್ತಾನೆ."
ಬೈಗುಳ ಹೆಚ್ಚಾದಷ್ಟೂ ಕುಡಿಯುವವರು ಕುಡಿತವನ್ನು ಸಮರ್ಥಿಸಿಕೊಳ್ಳುತ್ತಾರೆ. ವಿಲಿಯಂ ಮಿಲ್ಲರ್ 1983ರಲ್ಲಿ ಪರಿಚಯಿಸಿದ ಪ್ರೇರಣಾತ್ಮಕ ಸಂದರ್ಶನ ಎಂಬ ವಿಧಾನದಲ್ಲಿ ಬಿಡಲು ಕಾರಣಗಳನ್ನು ಸಮಾಲೋಚಕರು ಹೇಳುವುದಿಲ್ಲ, ಕುಡಿಯುವವರ ಬಾಯಿಂದಲೇ ಹೊರಡಿಸುತ್ತಾರೆ. ಒಂದು ಎಚ್ಚರಿಕೆ: ವರ್ಷಗಳಿಂದ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾ ಬೇಕೇ ಬೇಕು.

"ಸಾಯುವ ಮಾತು ಕೇಳಬಾರದು, ಕೇಳಿದರೆ ನಾವೇ ನೆನಪಿಸಿದ ಹಾಗೆ."
ತಪ್ಪು. "ಬದುಕು ಬೇಡ ಅನಿಸ್ತಿದೆಯಾ?" ಎಂದು ನೇರವಾಗಿ, ಸಮಾಧಾನದಿಂದ ಕೇಳುವುದು ಆ ಯೋಚನೆಯನ್ನು ಹುಟ್ಟಿಸುವುದಿಲ್ಲ. ಮಾತಾಡಲು ಬಾಗಿಲು ತೆರೆಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಸನ ಜಿಲ್ಲೆಯವರು ಎಲ್ಲಿಗೆ ಹೋಗಬೇಕು?

ಫೋನ್‌ನಲ್ಲಿ: ಟೆಲಿ ಮಾನಸ್ 14416 ಅಥವಾ 1800-891-4416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಘಾಟಿಯಲ್ಲಿ ರಸ್ತೆ ಬಂದ್ ಆದ ದಿನವೂ ಸಿಗ್ನಲ್ ಇದ್ದರೆ ಸಾಕು.

ತಾಲ್ಲೂಕಿನಲ್ಲಿ: ಆಲೂರಿನ ತಾಲ್ಲೂಕು ಆಸ್ಪತ್ರೆ, ಸಕಲೇಶಪುರದಲ್ಲಿ ಜನ ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ. ರಾಜ್ಯ ಸರ್ಕಾರ 2014ರಲ್ಲಿ ತಂದ "ಮನೋಚೈತನ್ಯ" ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ ಮಾಡಲಾಯಿತು. ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ವಿಚಾರಿಸಿ, ಆ ವಾರ ವೈದ್ಯರು ಬರುವ ದಿನ ಖಚಿತಪಡಿಸಿಕೊಳ್ಳಿ. ಅಂದಹಾಗೆ, ಮಾನಸಿಕ ಚಿಕಿತ್ಸೆ ಹಳ್ಳಿಗೆ ಹೋಗಬೇಕು ಎಂಬ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.

ಜಿಲ್ಲಾ ಕೇಂದ್ರದಲ್ಲಿ: ಸಕಲೇಶಪುರದಿಂದ ಸುಮಾರು 40 ಕಿ.ಮೀ. ದೂರದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯ ವಿಭಾಗ.

ಖಾಸಗಿಯಾಗಿ ಹೋಗುವುದಾದರೆ ಕೇಳಲು ಸಂಕೋಚಪಡಬೇಡಿ: ಏನು ಓದಿದ್ದೀರಿ? ಎಲ್ಲಿ ತರಬೇತಿ? ದಂಪತಿಗಳೊಂದಿಗೆ ಕೆಲಸ ಮಾಡಿದ್ದೀರಾ? ಶುಲ್ಕ ಎಷ್ಟು? ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗೆ ಮಾತ್ರ. ಮೊದಲ ದಿನವೇ "ತಪ್ಪು ನಿಮ್ಮದೇ" ಎನ್ನುವವರು, "ಹತ್ತು ದಿನದಲ್ಲಿ ಗ್ಯಾರಂಟಿ" ಎನ್ನುವವರು, ನಿಮ್ಮ ಗುಟ್ಟನ್ನು ಮನೆಯವರಿಗೆ ಹೇಳುವವರು ಸಿಕ್ಕರೆ ಎದ್ದು ಬನ್ನಿ. ಒಬ್ಬರು ಹೊಂದದಿದ್ದರೆ ಇನ್ನೊಬ್ಬರನ್ನು ನೋಡಿ. ಅದು ನಿಮ್ಮ ಸೋಲಲ್ಲ.

ಅಕ್ಕನಿಗೆ ಕಳಿಸಿದ ಉತ್ತರ

ಗಾದೆ ಸುಳ್ಳಲ್ಲ. ಎಷ್ಟೋ ಜಗಳಗಳು ನಿಜವಾಗಿಯೂ ಉಂಡು ಮಲಗಿದರೆ ಮುಗಿಯುತ್ತವೆ. ಆದರೆ ಗಾದೆಯೇ ಒಂದು ಗಡುವನ್ನೂ ಕೊಟ್ಟಿದೆ. ಮಲಗಿ ಎದ್ದ ಮೇಲೂ, ತಿಂಗಳು ಕಳೆದ ಮೇಲೂ ಉಳಿದ ಜಗಳದ ಬಗ್ಗೆ ಅದು ಏನೂ ಹೇಳುವುದಿಲ್ಲ. ಇನ್ನು ಅಜ್ಜ ಅಜ್ಜಿ ಯಾರ ಹತ್ತಿರವೂ ಹೋಗಲಿಲ್ಲ ನಿಜ. ಆದರೆ ಅಜ್ಜಿಯನ್ನು ಯಾರಾದರೂ ಕೇಳಿದ್ದರೇ?

ಆ ರಾತ್ರಿ ಅಕ್ಕನಿಗೆ ನಾನು ಬರೆದದ್ದು ಎರಡೇ ಸಾಲು: "ಬೈಯೋದಿಲ್ಲ. ಬೈದರೆ ಅದು ಕೌನ್ಸೆಲಿಂಗ್ ಅಲ್ಲ." ಜೊತೆಗೆ 14416 ಎಂಬ ಸಂಖ್ಯೆ. ಎರಡು ನೀಲಿ ಗೆರೆ ಬಿದ್ದವು. ಮುಂದೇನಾಯಿತು ಎಂದು ನಾನು ಕೇಳಿಲ್ಲ, ಅದು ಅವರ ವಿಷಯ.

ನಿಮ್ಮ ಗ್ರೂಪಿನಲ್ಲೂ ನಗುವ ಇಮೋಜಿ ಹಾಕಿ, ಆಮೇಲೆ ಒಬ್ಬರೇ ಕುಳಿತು ಯೋಚಿಸುವವರು ಇರಬಹುದು. ಯಾರೆಂದು ಗೊತ್ತಾಗುವುದಿಲ್ಲ. ಅದಕ್ಕೇ ಆ ಸಂದೇಶದ ಬದಲು ಈ ಲೇಖನವನ್ನು ಎಲ್ಲರಿಗೂ ಕಳಿಸಿ.